ಕಾರ್ಡುಮೂಲ್ಯ ಮೀಮಾಂಸೆ

ಶಾಸ್ತ್ರಗ್ರಂಥವನ್ನು ರಚಿಸಹೊರಟವನು ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸಿದ ಮೇಲೆಯೇ ಮುಂದಡಿಯಿಡತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆ. ಅದನ್ನು ಮೀರುವ ಧೈರ್ಯ ನನಗಿಲ್ಲದ ಕಾರಣ ಆ ನಾಲ್ಕನ್ನೂ ಇಲ್ಲಿಯೇ ಒಪ್ಪಿಸಿಬಿಡುತ್ತೇನೆ. ವಿಷಯವೆಂದರೆ, ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಗಿರಾಕಿಗಳು ಕೇಳಿದಷ್ಟೇ ಪ್ರತಿಗಳನ್ನು ಅಚ್ಚುಹಾಕಿ, ‘ಲಿಮಿಟೆಡ್ ಎಡಿಷನ್’ ಎಂಬ ಬಿರುದನ್ನು ತೊಡಿಸಿ ಮಾರುವ, ಬೇಸ್‌ಬಾಲ್ ಮೊದಲಾದ ಆಟಗಳ, ಚಿತ್ರದ ಕಾರ್ಡುಗಳು, ತಮಗೆ ಕಟ್ಟಿದ ಬೆಲೆಗೆ ಅರ್ಹವೋ ಅನರ್ಹವೋ ಎಂಬ ಜಿಜ್ಞಾಸೆ. ಪ್ರಯೋಜನವನ್ನು ಕುರಿತು ಹೇಳುವುದಾದರೆ, ನಾಲ್ಕು ಪುರುಷಾರ್ಥಗಳಲ್ಲಿ ಧರ್ಮಕ್ಕಾಗಲಿ ಮೋಕ್ಷಕ್ಕಾಗಲಿ ಇದರಿಂದ ಉಪಕಾರವಿಲ್ಲ; ಕಾಮವು ಈ ಕ್ಷೇತ್ರದಲ್ಲಿ ಈಗಾಗಲೇ ಧಾರಾಳವಾಗಿದೆ; ಅರ್ಥದ ನಾಶವನ್ನು ಎಳ್ಳಷ್ಟು ತಡೆದರೂ ಗ್ರಂಥಕರ್ತನು ಕೃತಾರ್ಥ. ಅಧಿಕಾರಿಯೆಂದರೆ, ಕ್ರೆಡಿಟ್ ಕಾರ್ಡು ಉಳ್ಳವನು, ರಾತ್ರಿ ನಿದ್ರೆ ಬಾರದವನು, ಅಥವಾ ಇವೆರಡೂ ಲಕ್ಷಣಗಳುಳ್ಳ ಮಗನನ್ನು ಪಡೆದ ತಂದೆ. ಸಂಬಂಧವಂತೂ ಇಲ್ಲವೆಂದೇ ಹೇಳಬೇಕು: ಗ್ರಂಥಕರ್ತನು ಜನ್ಮದಲ್ಲಿ ಒಂದು ಕಾರ್ಡನ್ನೂ ಕೊಂಡವನಲ್ಲ, ಆದಕಾರಣ ನಿಷ್ಪಕ್ಷಪಾತಿ, ಬೇಸ್‌ಬಾಲ್ ಆಟದ ನಿಯಮಗಳನ್ನೂ ಅರಿಯನು, ಆದಕಾರಣ ಮತ್ತಷ್ಟು ನಿಷ್ಪಕ್ಷಪಾತಿ.

ಇನ್ನು ಲಕ್ಷಣನಿರೂಪಣೆ. ಸಾಮಾನ್ಯವಾಗಿ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದ ಇದ್ದು, ಮುಂಬದಿಯಲ್ಲಿ ಆಟಗಾರನ ಚಿತ್ರವನ್ನೂ ಹಿಂಬದಿಯಲ್ಲಿ ಅವನ ಸಾಧನೆಯ ಅಂಕಿಗಳನ್ನೂ ಹೊತ್ತ ರಟ್ಟಿನ ತುಂಡು ಕಾರ್ಡೆನಿಸಿಕೊಳ್ಳುತ್ತದೆ. ಈ ಲಕ್ಷಣವಾಕ್ಯಕ್ಕೆ ‘ಆಡಲು ಯೋಗ್ಯವಾದುದು’ ಎಂಬ ವಿಶೇಷಣವನ್ನು ಸೇರಿಸಿದರೆ ಅವ್ಯಾಪ್ತಿದೋಷ ತಟ್ಟುತ್ತದೆ, ಏಕೆಂದರೆ ಬೇಸ್‌ಬಾಲಿನ ಕಾರ್ಡನ್ನು ಹಿಡಿದು ಯಾರೂ ಆಡುವುದಿಲ್ಲ. ‘ನೋಡಲು ಯೋಗ್ಯವಾದುದು’ ಎಂದಷ್ಟೇ ಹೇಳಿದರೆ ಗೋಡೆಯ ಕ್ಯಾಲೆಂಡರೂ ಕಾರ್ಡಾಗಿ ಅತಿವ್ಯಾಪ್ತಿ ಒದಗುವುದಲ್ಲದೆ, ಬ್ಯಾಂಕಿನ ಲಾಕರಿನಲ್ಲಿ ಕತ್ತಲೆಯನ್ನೇ ನೋಡುತ್ತ ಕುಳಿತಿರುವ ಬೆಲೆಬಾಳುವ ಕಾರ್ಡುಗಳೆಲ್ಲ ಲಕ್ಷಣದಿಂದ ಹೊರಬೀಳುತ್ತವೆ. ಆದ್ದರಿಂದ ‘ಇನ್ನೊಬ್ಬನು ಇದಕ್ಕೆ ನನಗಿಂತ ಹೆಚ್ಚು ಕೊಟ್ಟಾನೆಂಬ ನಂಬಿಕೆಗೆ ಆಶ್ರಯವಾದ ರಟ್ಟು’ ಎಂಬುದೇ ನಿರ್ದುಷ್ಟವಾದ ಲಕ್ಷಣವೆಂದು ನನ್ನ ವಿನಮ್ರವಾದ ಅಭಿಪ್ರಾಯ.

ಇದರ ಹುಟ್ಟಾದರೋ ಬಹು ಬಡತನದ್ದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸಿಗರೇಟಿನ ಪೊಟ್ಟಣ ಜೇಬಿನಲ್ಲಿ ನಲುಗದಿರಲೆಂದು ಒಳಗೆ ಸೇರಿಸುತ್ತಿದ್ದ ರಟ್ಟಿನ ಮೇಲೆ ಒಂದು ಚಿತ್ರವನ್ನು ಅಚ್ಚುಹಾಕಿದರೆ ಸೇದುವವನು ಮತ್ತೆ ಅದೇ ಪೊಟ್ಟಣಕ್ಕೆ ಬಂದಾನೆಂದು ತಂಬಾಕಿನ ವರ್ತಕರಿಗೆ ಹೊಳೆಯಿತು. ಮುಂದೆ ಆ ಸ್ಥಾನಕ್ಕೆ ಮಕ್ಕಳು ಅಗಿಯುವ ಚೂಯಿಂಗ್ ಗಮ್ ಬಂದಿತು. 1938ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶೋರಿನ್ ಸಹೋದರರು ಸ್ಥಾಪಿಸಿದ ಟಾಪ್ಸ್ ಎಂಬ ಸಂಸ್ಥೆ ಹುಟ್ಟಿನಿಂದ ಗಮ್ಮಿನ ವ್ಯಾಪಾರಿಯೇ. 1952ರಲ್ಲಿ ಅಲ್ಲಿಯ ನೌಕರ ಸೈ ಬರ್ಗರ್ ಎಂಬಾತ ರೂಪಿಸಿದ ಕಾರ್ಡುಗಳ ಮಾಲೆಯೇ ಈಗಿನ ಸಂಪ್ರದಾಯಕ್ಕೆಲ್ಲ ಮೂಲಗ್ರಂಥವೆಂದು ವಿದ್ವಾಂಸರು ಒಪ್ಪಿದ್ದಾರೆ. ಆ ಕಾಲದಲ್ಲಿ ಹುಡುಗನೊಬ್ಬ ಒಂದು ಸೆಂಟು ಕೊಟ್ಟರೆ ಒಂದು ಕಾರ್ಡೂ ಒಂದು ಚೂರು ಗಮ್ಮೂ ದೊರೆಯುತ್ತಿದ್ದವು. ಗಮ್ಮು ಪ್ರಧಾನ, ಕಾರ್ಡು ಅಂಗ. ಹುಡುಗನು ಅಗಿಯುವುದನ್ನು ಅಗಿದು, ಕಾರ್ಡನ್ನು ಸೈಕಲ್ಲಿನ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಸಿ ಪಟಪಟನೆ ಸದ್ದು ಮಾಡಿಸಿಕೊಂಡು ಹೋಗುತ್ತಿದ್ದನು. ಆ ಸದ್ದಿನಲ್ಲಿ ಎಷ್ಟು ಕೋಟಿ ಡಾಲರು ಪುಡಿಯಾಯಿತೆಂಬುದನ್ನು ನೆನೆದು ಈಗಿನ ಸಂಗ್ರಾಹಕರು ನಿಟ್ಟುಸಿರುಬಿಡುತ್ತಾರೆ. ಆದರೆ ಆ ಸದ್ದು ಆಗದಿದ್ದ ಪಕ್ಷದಲ್ಲಿ ಆ ಕೋಟಿಗಳೂ ಹುಟ್ಟುತ್ತಿರಲಿಲ್ಲವೆಂಬ ಸೂಕ್ಷ್ಮವನ್ನು ಮುಂದೆ ಪ್ರತಿಪಾದಿಸಲಿದ್ದೇನೆ.

ಅದೇ ಸಂಸ್ಥೆಯು 2016ರಲ್ಲಿ ‘ಟಾಪ್ಸ್ ನೌ’ ಎಂಬ ನೂತನ ಪದ್ಧತಿಯೊಂದನ್ನು ಪ್ರವರ್ತಿಸಿತು. ನಿನ್ನೆಯ ಆಟದಲ್ಲಿ ನಡೆದ ಒಂದು ವಿಶೇಷಸಂಗತಿ ಇಂದು ಕಾರ್ಡಾಗಿ ಜಾಹೀರಾಗುತ್ತದೆ. ಆರಂಭದ ವರ್ಷಗಳಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾಲ ಅಂಗಡಿಯ ಬಾಗಿಲು ತೆರೆದಿರುತ್ತಿತ್ತು. ಅಷ್ಟರೊಳಗೆ ಎಷ್ಟು ಜನ ಬೇಡಿದರೋ ಅಷ್ಟು ಪ್ರತಿ. ಬಾಗಿಲು ಮುಚ್ಚಿದ ಮೇಲೆ ಎಣಿಕೆ, ಎಣಿಕೆಯಾದ ಮೇಲೆ ಮುದ್ರಣ, ಒಟ್ಟು ಎಷ್ಟಾಯಿತೆಂಬುದರ ಪ್ರಕಟಣೆ. ಆಗ ಬೆಲೆ ಒಂದಕ್ಕೆ 9.99 ಡಾಲರು. ಒಂದು ಸೆಂಟಿನ ಕಾರ್ಡಿಗೆ ಹೋಲಿಸಿದರೆ ಇದು ಸರಿಯಾಗಿ 999 ಪಾಲು. ಗಮ್ಮು ಬೇರೆ ಇಲ್ಲ. ಹತ್ತು ಡಾಲರು ಎನ್ನಬಹುದಾದಲ್ಲಿ ಒಂದು ಸೆಂಟನ್ನು ತ್ಯಜಿಸಿದ ವರ್ತಕರ ವೈರಾಗ್ಯವನ್ನು ಸಾಮಾನ್ಯವೆಂದು ಬಗೆಯಬಾರದು. ಈ ಲೋಕದಲ್ಲಿ 9.99, 19.99, 29.99, 39.99 ಎಂಬ ಬೆಲೆಗಳನ್ನು ಕಾಣಬಹುದೇ ಹೊರತು ದುಂಡುಸಂಖ್ಯೆಯನ್ನು ಕಾಣುವುದು ಅಪರೂಪ.

ಈಗ ಮುಖ್ಯಪ್ರಶ್ನೆಗೆ ಬರೋಣ: ಆ 999 ಪಾಲು ಯಾವುದರ ಬೆಲೆ? ರಟ್ಟಿನದಲ್ಲವೆಂಬುದು ನಿರ್ವಿವಾದ. ಮಸಿಯದೂ ಅಲ್ಲ. ವರ್ತಕನನ್ನು ಕೇಳಿದರೆ ವಿರಳತೆಯದೆನ್ನುತ್ತಾನೆ. ವಿರಳತೆಯೆಂದರೆ ಇಲ್ಲದಿರುವಿಕೆ, ಇಲ್ಲದಿರುವುದನ್ನು ಕುರಿತು ನಮ್ಮ ಶಾಸ್ತ್ರಕಾರರು ಚಿಂತಿಸಿದಷ್ಟು ಪ್ರಪಂಚದಲ್ಲಿ ಬೇರಾರೂ ಚಿಂತಿಸಿದಂತಿಲ್ಲ. ನ್ಯಾಯವೈಶೇಷಿಕರು ಪದಾರ್ಥಗಳನ್ನು ಏಳೆಂದು ಎಣಿಸುವಾಗ ಏಳನೆಯದಾಗಿ ಅಭಾವವನ್ನು ಸ್ವೀಕರಿಸಿ, ನೆಲದ ಮೇಲೆ ಕೊಡ ಇಲ್ಲವೆಂದರೆ ಕೊಡದ ‘ಇಲ್ಲ’ವೆಂಬುದು ಅಲ್ಲಿ ಇದೆಯೆಂದೇ ಸಾಧಿಸಿದರು. ಪ್ರಾಭಾಕರ ಮೀಮಾಂಸಕರು ಅಭಾವವನ್ನು ಬೇರೊಂದು ಪದಾರ್ಥವೆಂದು ಒಪ್ಪಲಿಲ್ಲ. ಅಭಾವಕ್ಕೆ ಬೆಲೆಯ ಚೀಟಿ ಅಂಟಿಸಿ ಮಾರುವ ಅಂಗಡಿಯನ್ನು ಅವರು ಕಂಡಿದ್ದರೆ ಆ ಹಟವನ್ನು ಬಿಡುತ್ತಿದ್ದರೆಂದು ನನಗೆ ತೋರುತ್ತದೆ. ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದ ಬಾಲಕನಿಗೂ ತಿಳಿದಿರುವಂತೆ ಅಭಾವವು ನಾಲ್ಕು ಬಗೆ, ಕಾರ್ಡಿನ ವ್ಯಾಪಾರದಲ್ಲಿ ನಾಲ್ಕೂ ಮಾರಾಟಕ್ಕಿವೆ.

ವಸ್ತು ಹುಟ್ಟುವುದಕ್ಕೆ ಮೊದಲಿನ ಅಭಾವ ಪ್ರಾಗಭಾವ. ಅದು ಅನಾದಿ, ಆದರೆ ಸಾಂತ. ಬೇಡಿಕೆಯ ಮೇರೆಗೆ ಮುದ್ರಿಸುವ ವರ್ತಕನು ಮಾರುವುದು ಮುಖ್ಯವಾಗಿ ಇದನ್ನೇ. ಗಿರಾಕಿಯು ಹಣ ತೆತ್ತ ಘಳಿಗೆಯಲ್ಲಿ ಕಾರ್ಡು ಎಲ್ಲಿಯೂ ಇಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದು ಅವನ ಬಾಗಿಲಿಗೆ ಬರುವತನಕ ಅವನು ಅನುಭವಿಸುವುದು ಶುದ್ಧವಾದ ಪ್ರಾಗಭಾವವನ್ನು. ಈ ಅವಧಿಯಲ್ಲಿ ಅವನ ಆನಂದ ಪರಾಕಾಷ್ಠೆಯಲ್ಲಿರುತ್ತದೆಂದೂ ಕಾರ್ಡು ಕೈಸೇರಿದ ಕ್ಷಣದಿಂದ ಇಳಿಮುಖವಾಗುತ್ತದೆಂದೂ ಅನುಭವಿಗಳು ಹೇಳುತ್ತಾರೆ.

ವಸ್ತು ಅಳಿದ ಮೇಲಿನ ಅಭಾವ ಪ್ರಧ್ವಂಸಾಭಾವ. ಅದಕ್ಕೆ ಆದಿಯುಂಟು, ಅಂತವಿಲ್ಲ. ಇದಕ್ಕೆ 1952ರ ಮಾಲೆಗಿಂತ ಉತ್ತಮವಾದ ಉದಾಹರಣೆ ಸಿಗದು. ಆ ವರ್ಷದ ಕಡೆಯ ಕಂತು ಬೇಸ್‌ಬಾಲಿನ ಋತು ಮುಗಿಯುತ್ತಿರುವಾಗ ಅಂಗಡಿಗೆ ಬಂದು, ಹುಡುಗರ ಮನಸ್ಸು ಆಗಲೇ ಫುಟ್‌ಬಾಲಿನತ್ತ ತಿರುಗಿದ್ದ ಕಾರಣ ಪೆಟ್ಟಿಗೆಗಟ್ಟಲೆ ಉಳಿದುಹೋಯಿತು. ಸೈ ಬರ್ಗರ್ ಅದನ್ನು ಜಾತ್ರೆಗಳಲ್ಲಿ ಸೆಂಟಿಗೊಂದರಂತೆ, ಆಮೇಲೆ ಸೆಂಟಿಗೆ ಹತ್ತರಂತೆ ಕೊಡಹೋದರೂ ಕೊಳ್ಳುವವರಿಲ್ಲದೆ, 1960ರಲ್ಲಿ ಉಗ್ರಾಣದ ಜಾಗ ಬೇಕಾಗಿ, ಕಸದ ದೋಣಿಯೊಂದಕ್ಕೆ ಹೇರಿಸಿಕೊಂಡು ಹೋಗಿ ಅಟ್ಲಾಂಟಿಕ್ ಸಮುದ್ರದಲ್ಲಿ ವಿಸರ್ಜಿಸಿದೆನೆಂದು ತಾನೇ ಹೇಳಿಕೊಂಡಿದ್ದಾನೆ. ಸಮುದ್ರಮಥನದ ಕಾಲದಲ್ಲಿ ಸಂಪತ್ತು ಕಡಲಿನಿಂದ ಮೇಲೆದ್ದಿತು. ಇಲ್ಲಿ ಕಡಲಿಗೆ ಬಿದ್ದುದರಿಂದ ಸಂಪತ್ತಾಯಿತು. ಆ ಕಂತಿಗೆ ಸೇರಿದ ಮಿಕಿ ಮ್ಯಾಂಟಲ್ ಎಂಬ ಆಟಗಾರನ 311ನೆಯ ಸಂಖ್ಯೆಯ ಕಾರ್ಡು 2022ರ ಆಗಸ್ಟಿನಲ್ಲಿ ಹರಾಜಾಗಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಇನ್ನೂ ಸ್ವಾರಸ್ಯವಾದ ಸಂಗತಿಯೆಂದರೆ, ಮುದ್ರಣದ ಹಾಳೆಯಲ್ಲಿ ಮ್ಯಾಂಟಲನಿಗೆ ಎರಡು ಮನೆಗಳಿದ್ದವು. ಅಂದರೆ ಅದೇ ಕಂತಿನ ಬಹುಪಾಲು ಆಟಗಾರರಿಗಿಂತ ಅವನ ಕಾರ್ಡು ಇಮ್ಮಡಿ ಅಚ್ಚಾಯಿತು. ಅಚ್ಚಾದ ಸಂಖ್ಯೆಗೂ ಬೆಲೆಗೂ ಸಂಬಂಧ ನೇರವಾದುದೆಂದು ನಂಬಿದವರು ಈ ಒಂದು ಕಾರ್ಡಿನ ಮುಂದೆ ಸ್ವಲ್ಪ ಹೊತ್ತು ನಿಲ್ಲತಕ್ಕದ್ದು.

ಯಾವ ಕಾಲದಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ವಾಯುವಿನಲ್ಲಿ ರೂಪ ಹೇಗೆ ಇಲ್ಲವೋ ಹಾಗೆ ಬೇಸ್‌ಬಾಲ್ ಕಾರ್ಡಿನಲ್ಲಿ ಉಪಯೋಗವಿಲ್ಲ. ಇದನ್ನು ವಿಸ್ತರಿಸುವುದು ಅನಾವಶ್ಯಕ.

ಇದು ಅದಲ್ಲ, ಅದು ಇದಲ್ಲ ಎಂಬ ಭೇದರೂಪವಾದುದು ಅನ್ಯೋನ್ಯಾಭಾವ, ಮತ್ತು ಇದರಲ್ಲಿ ವರ್ತಕರ ಪ್ರತಿಭೆ ನೈಯಾಯಿಕರನ್ನೂ ಹಿಂದಿಕ್ಕಿದೆ. ಒಂದೇ ಚಿತ್ರವನ್ನು ಸಾದಾ ಅಂಚಿನಲ್ಲೊಮ್ಮೆ, ನೀಲಿ ಅಂಚಿನಲ್ಲೊಮ್ಮೆ, ಮಿರುಗುವ ಹಾಳೆಯ ಲೇಪದೊಡನೆ ಇನ್ನೊಮ್ಮೆ, ಆಟಗಾರನ ಹಸ್ತಾಕ್ಷರದೊಡನೆ ಮತ್ತೊಮ್ಮೆ ಅಚ್ಚುಹಾಕಿ, ತೊಂಬತ್ತೊಂಬತ್ತರಲ್ಲಿ ಇಂತಿಷ್ಟನೆಯದು, ಇಪ್ಪತ್ತೈದರಲ್ಲಿ ಇಂತಿಷ್ಟನೆಯದು, ಕಟ್ಟಕಡೆಗೆ ಒಂದರಲ್ಲಿ ಒಂದನೆಯದು ಎಂದು ಸಂಖ್ಯೆ ಹಾಕುತ್ತಾರೆ. ಆ ಸಂಖ್ಯೆ ಆಟಗಾರನ ಅಂಗಿಯ ಸಂಖ್ಯೆಯೊಡನೆ ಹೊಂದಿಕೊಂಡರೆ ಬೆಲೆ ಮತ್ತೂ ಏರುತ್ತದೆ. ಇಪ್ಪತ್ತೇಳನೆಯ ಅಂಗಿಯವನ ಇಪ್ಪತ್ತೇಳನೆಯ ಕಾರ್ಡಿನಲ್ಲಿ ಇಪ್ಪತ್ತಾರನೆಯದರಲ್ಲಿ ಇಲ್ಲದ ಗುಣವೇನುಂಟೆಂದು ವಿಚಾರಿಸಿದವನಿಗೆ, ಸಂಗ್ರಾಹಕರು ಕನಿಕರದ ದೃಷ್ಟಿಯನ್ನಲ್ಲದೆ ಬೇರೆ ಉತ್ತರ ಕೊಡುವುದಿಲ್ಲ.

ಹೀಗೆ ನಾಲ್ಕು ಅಭಾವಗಳು ಸಿದ್ಧಿಸಿದ ಮೇಲೆ, ಬೇಡಿದಷ್ಟು ಮುದ್ರಿಸುವ ಪದ್ಧತಿಯ ವಿಚಿತ್ರವಾದ ಒಳಗುಟ್ಟು ತಾನಾಗಿ ಹೊರಬೀಳುತ್ತದೆ. ಇಲ್ಲಿ ಪರಿಮಿತವಾದುದು ಕಾರ್ಡಲ್ಲ, ಕಾಲ. ಬಾಗಿಲು ತೆರೆದಿರುವಷ್ಟು ಹೊತ್ತು ಕಾರ್ಡು ಅನಂತ. ಮುಚ್ಚಿದ ಮರುಕ್ಷಣ ಅದು ಪರಿಮಿತ. ಆದಕಾರಣ ಕೊಳ್ಳುವ ಹೊತ್ತಿನಲ್ಲಿ ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವ ವಿರಳತೆಯ ಪ್ರಮಾಣವೆಷ್ಟೆಂಬುದು ತಿಳಿಯುವುದಿಲ್ಲ. ತೂಕ ಹೇಳದೆ ಚಿನ್ನ ಮಾರುವ ಅಕ್ಕಸಾಲಿಗನನ್ನು ಯಾವ ಊರಿನವರೂ ಸಹಿಸರು, ಆದರೆ ಇಲ್ಲಿ ಮೊದಲು ಬೆಲೆ, ಆಮೇಲೆ ತೂಕ. ಇಷ್ಟೇ ಅಲ್ಲ. ವಿರಳವೆಂದು ಕೊಂಡ ಪ್ರತಿಯೊಬ್ಬನೂ ತನ್ನ ಕೊಳ್ಳುವಿಕೆಯಿಂದಲೇ ಒಂದು ಪ್ರತಿಯನ್ನು ಹೆಚ್ಚಿಸಿ ಆ ವಿರಳತೆಯನ್ನು ಕಡಮೆಮಾಡುತ್ತಾನೆ. ಬೆಲೆ ಬಂದೀತೆಂದು ನಂಬುವವರು ಹೆಚ್ಚಿದಷ್ಟೂ ಬೆಲೆ ಬರುವ ಸಂಭವ ಕುಗ್ಗುತ್ತದೆ; ಯಾರೂ ನಂಬದಿದ್ದಾಗ ಮಾತ್ರ ನಂಬಿಕೆ ನಿಜವಾಗುತ್ತದೆ. ಹೀಗಾಗಿ ಆದರ್ಶಗಿರಾಕಿಯೆಂದರೆ, ಕಾರ್ಡನ್ನು ತಾನು ಮನಸಾರೆ ಮೆಚ್ಚಿ, ಉಳಿದವರೆಲ್ಲರೂ ಅದನ್ನು ಇಂದು ಹೀಗಳೆಯಲೆಂದೂ, ನಾಳೆ ಬೆಳಗಾಗುತ್ತಲೇ ಅವರಿಗೆಲ್ಲ ಒಮ್ಮೆಗೇ ಸದಭಿರುಚಿ ಉಂಟಾಗಲೆಂದೂ ಪ್ರಾರ್ಥಿಸುವವನು.

ಈ ಸಿದ್ಧಾಂತವನ್ನು ತರ್ಕದ ಬಲದಿಂದಲೇ ಸ್ಥಾಪಿಸಬಹುದಾಗಿತ್ತಾದರೂ, ಟಾಪ್ಸ್ ಸಂಸ್ಥೆ 2020ರಲ್ಲಿ ಇದನ್ನು ಪ್ರಯೋಗದಿಂದಲೇ ತೋರಿಸಿಕೊಟ್ಟು ಮೀಮಾಂಸಕರ ಶ್ರಮವನ್ನು ತಗ್ಗಿಸಿದೆ. ‘ಪ್ರಾಜೆಕ್ಟ್ 2020’ ಎಂಬ ಆ ಮಾಲೆಯಲ್ಲಿ ಇಪ್ಪತ್ತು ಮಂದಿ ಕಲಾವಿದರು ಇಪ್ಪತ್ತು ಪ್ರಸಿದ್ಧ ಹಳೆಯ ಕಾರ್ಡುಗಳನ್ನು ತಮ್ಮ ತಮ್ಮ ಶೈಲಿಯಲ್ಲಿ ಮತ್ತೆ ಚಿತ್ರಿಸಿದರು. ಒಟ್ಟು ನಾನೂರು ಕಾರ್ಡುಗಳು. ಒಂದೊಂದಕ್ಕೆ ನಲವತ್ತೆಂಟು ಗಂಟೆಗಳ ಅವಧಿ, 19.99 ಡಾಲರು. ಮೊದಮೊದಲು ಜನ ಮೂಗುಮುರಿದ ಕಾರಣ ಆರಂಭದ ಕಾರ್ಡುಗಳು ಕೆಲವು ಸಾವಿರದ ಒಳಗೇ ನಿಂತವು. ಅಷ್ಟರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ದೇಶಕ್ಕೆ ದೇಶವೇ ಮನೆಯೊಳಗೆ ಕುಳಿತಿತು; ಮೈದಾನದಲ್ಲಿ ಆಟವಿಲ್ಲ, ಕೈಯಲ್ಲಿ ಹೊತ್ತು ಧಾರಾಳ. ಆರಂಭದ ಆ ಕಾರ್ಡುಗಳು ಕೈಬದಲಾಗುವಾಗ ನೂರಾರು ಡಾಲರು ತರುತ್ತಿವೆಯೆಂಬ ವಾರ್ತೆ ಹರಡಿದ್ದೇ ತಡ, ಮೂಗುಮುರಿದವರೆಲ್ಲ ಕಲಾರಸಿಕರಾದರು. ಮೇ ತಿಂಗಳಿನಲ್ಲಿ ಕೀತ್ ಶೋರ್ ಎಂಬ ಕಲಾವಿದ, ಮಿಕೆಲರ್ ಎಂಬ ಬಿಯರಿನ ಸೀಸೆಗಳ ಚೀಟಿಗಳಿಗೆ ಚಿತ್ರ ಬರೆದು ಹೆಸರಾದವನು, ಕೆನ್ ಗ್ರಿಫಿ ಜೂನಿಯರ್ ಎಂಬ ಆಟಗಾರನ ಕಾರ್ಡನ್ನು ಬರೆದಾಗ ಬೇಡಿಕೆ ಬಂದ ಪ್ರತಿಗಳು 99,177. ಅಷ್ಟು ಜನ ರಸಿಕರು ಒಂದೇ ಮುಹೂರ್ತದಲ್ಲಿ ಉದಯಿಸಿದುದು ಕಲೆಯ ಚರಿತ್ರೆಯಲ್ಲಿ ಇಟಲಿಯ ಪುನರುಜ್ಜೀವನ ಕಾಲದಲ್ಲಿಯೂ ನಡೆದಿರಲಾರದು. ಬಾಗಿಲು ಮುಚ್ಚಿ ಸಂಖ್ಯೆ ಪ್ರಕಟವಾಯಿತು, ರಸಿಕತೆ ಆವಿಯಾಯಿತು. ಕೊಂಡವರಲ್ಲಿ ಬಹುಪಾಲಿಗೆ ಕೊಟ್ಟ ಬೆಲೆಯೂ ಹಿಂದಿರುಗಲಿಲ್ಲ. ಬೆಲೆಯು ವಿರಳತೆಯನ್ನು ಆಶ್ರಯಿಸಿದೆ, ವಿರಳತೆಯು ಬೆಲೆ ಬರಲಾರದೆಂಬ ಭಾವನೆಯನ್ನು ಆಶ್ರಯಿಸಿದೆ. ಇಂತಹ ಅನ್ಯೋನ್ಯಾಶ್ರಯದೋಷವನ್ನು ನಲವತ್ತೆಂಟು ಗಂಟೆಗಳಲ್ಲಿ ಸಪ್ರಯೋಗವಾಗಿ ಕಲಿಸುವ ಪಾಠಶಾಲೆಗೆ 19.99 ಡಾಲರು ಶುಲ್ಕ ಹೆಚ್ಚೆಂದು ಹೇಳಲಾಗದು.

ಪ್ರತ್ಯಕ್ಷಪ್ರಮಾಣವಿಲ್ಲದೆ ಗ್ರಂಥ ಅಪೂರ್ಣವಾಗುವುದರಿಂದ, ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನ್ನ ಸೋದರಳಿಯನ ಮನೆಯಲ್ಲಿ ಇಂತಹ ಒಂದು ಕಾರ್ಡನ್ನು ನಾನು ಕಣ್ಣಾರೆ ನೋಡಿದೆ. ನೋಡಿದೆನೆಂಬ ಮಾತನ್ನು ಸ್ವಲ್ಪ ಸಂಕುಚಿತವಾದ ಅರ್ಥದಲ್ಲಿ ತೆಗೆದುಕೊಳ್ಳಬೇಕು. ಮೊದಲು ಬೀರು, ಬೀರುವಿನೊಳಗೆ ಒಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬೆರಳುದಪ್ಪದ ಗಟ್ಟಿಯಾದ ಗಾಜಿನಂತಹ ಪ್ಲಾಸ್ಟಿಕ್ಕಿನ ಅಚ್ಚು, ನಾಲ್ಕು ಮೂಲೆಗಳಲ್ಲಿಯೂ ಅಯಸ್ಕಾಂತ, ಅದರೊಳಗೆ ತೆಳುವಾದ ಇನ್ನೊಂದು ಪಾರದರ್ಶಕ ಚೀಲ, ಅದರೊಳಗೆ ಕಾರ್ಡು. ಪಂಚಕೋಶಗಳನ್ನು ದಾಟಿ ಆತ್ಮನನ್ನು ಕಾಣಹೊರಟ ಮುಮುಕ್ಷುವಿನ ಉತ್ಸಾಹದಿಂದ ನಾನು ಕೈಚಾಚಿದೆ.

“ಮಾವಾ, ಮುಟ್ಬೇಡಿ! ಮೂಲೆ ಮಾಸಿಹೋಗತ್ತೆ,” ಎಂದು ಅವನು ಕೂಗಿಕೊಂಡ ರೀತಿಗೆ ಒಳಗಿದ್ದ ನನ್ನ ತಂಗಿ, ಮಗುವೇನಾದರೂ ಬಿದ್ದಿತೋ ಎಂದು ಓಡಿಬಂದಳು.

ಆಗ ನನಗೆ ನೆನಪಾದದ್ದು, ನಮ್ಮ ಅಜ್ಜಿ ಬೆಳಗಿನ ಜಾವದಲ್ಲಿ ಒದ್ದೆ ಸೀರೆಯನ್ನು ಕೋಲಿನ ತುದಿಯಿಂದ ಗಳುವಿನ ಮೇಲೆ ಹರವಿ, ಅದು ಒಣಗುವವರೆಗೆ ಮಕ್ಕಳ್ಯಾರೂ ಅತ್ತ ಸುಳಿಯದಂತೆ ಕಾಯುತ್ತಿದ್ದ ಮಡಿ. ಆ ಮಡಿಗೆ ಮಿತಿಯುಂಟು. ಅಡಿಗೆಯಾಗಿ ನೈವೇದ್ಯ ಮುಗಿದರೆ ಅಜ್ಜಿಯೇ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಕಾರ್ಡಿನ ಮಡಿಗೆ ಕೊನೆಯಿಲ್ಲ. ಅದನ್ನು ಶ್ರೇಣೀಕರಣದ ಸಂಸ್ಥೆಯೊಂದಕ್ಕೆ ಕಳುಹಿಸಿದರೆ, ಅಲ್ಲಿಯ ಪರೀಕ್ಷಕರು ಭೂತಗನ್ನಡಿ ಹಿಡಿದು ನಾಲ್ಕು ಮೂಲೆ, ನಾಲ್ಕು ಅಂಚು, ಮೈಯ ನುಣುಪು, ಚಿತ್ರವು ಚೌಕಟ್ಟಿನ ನಟ್ಟನಡುವೆ ಕುಳಿತಿದೆಯೇ ಎಂಬ ನಾಲ್ಕನ್ನೂ ನೋಡಿ, ಹತ್ತಕ್ಕೆ ಎಷ್ಟು ಅಂಕವೆಂದು ನಿರ್ಣಯಿಸಿ, ಮುರಿದಲ್ಲದೆ ತೆರೆಯಲಾಗದ ಸಂಪುಟದಲ್ಲಿ ಮುದ್ರೆಹಾಕಿ ಹಿಂದಿರುಗಿಸುತ್ತಾರೆ. ಹತ್ತಕ್ಕೆ ಹತ್ತು ಬಂದ ಕಾರ್ಡಿಗೂ ಒಂಬತ್ತು ಬಂದ ಕಾರ್ಡಿಗೂ ಬೆಲೆಯಲ್ಲಿ ಅಜಗಜಾಂತರ. ಬರಿಗಣ್ಣಿಗೆ ಅವೆರಡರ ನಡುವೆ ವ್ಯತ್ಯಾಸವನ್ನು ಕಾಣುವುದು ಕಷ್ಟ. ಬೇಡಿಕೆಯ ಮೇರೆಗೆ ಅಚ್ಚಾಗಿ ನೇರವಾಗಿ ಸಂಪುಟಕ್ಕೆ ಸೇರುವ ಈ ಕಾರ್ಡುಗಳು ಸೈಕಲ್ಲಿನ ಚಕ್ರವನ್ನಾಗಲಿ ಹುಡುಗರ ಜೇಬನ್ನಾಗಲಿ ಕಾಣವಾದುದರಿಂದ, ಅವುಗಳಿಗೆ ಪ್ರಧ್ವಂಸಾಭಾವ ಎಂದಿಗೂ ಒದಗುವುದಿಲ್ಲ. 1952ರ ಕಾರ್ಡು ವಿರಳವಾದದ್ದು ಅದನ್ನು ಯಾರೂ ಜೋಪಾನ ಮಾಡಲಿಲ್ಲವೆಂಬ ಕಾರಣದಿಂದ. ಎಲ್ಲರೂ ಜೋಪಾನ ಮಾಡುವ ಕಾರ್ಡು ವಿರಳವಾಗುವುದೆಂತು? ಹಿಂದೆ ಪ್ರತಿಜ್ಞೆ ಮಾಡಿದ್ದ ಸೂಕ್ಷ್ಮವು ಇದೇ.

ಈಗ ಪೂರ್ವಪಕ್ಷಗಳು. ಇದು ವಿರಳತೆಯ ಬೆಲೆಯಲ್ಲ, ಸ್ಮೃತಿಯ ಬೆಲೆ ಎಂದು ಒಬ್ಬ ವಾದಿ ಹೇಳುತ್ತಾನೆ. ಈ ವಾದವನ್ನು ನಾನು ಲಘುವಾಗಿ ಕಾಣಲಾರೆ. 2020ರ ಜುಲೈ 23ರಂದು ವಾಷಿಂಗ್ಟನ್ನಿನಲ್ಲಿ, ಪ್ರೇಕ್ಷಕರಿಲ್ಲದ ಮೈದಾನದಲ್ಲಿ, ತಡವಾಗಿ ಆರಂಭವಾದ ಋತುವಿನ ಮೊದಲ ಚೆಂಡನ್ನು ವಿಧಿಪೂರ್ವಕವಾಗಿ ಎಸೆಯುವ ಗೌರವ ವೈದ್ಯರಾದ ಆಂಥೊನಿ ಫೌಚಿಯವರಿಗೆ ದೊರಕಿತು. ಮಹಾಮಾರಿಯ ಕಾಲದಲ್ಲಿ ದೇಶಕ್ಕೆಲ್ಲ ಬುದ್ಧಿ ಹೇಳುತ್ತಿದ್ದ ಆ ಹಿರಿಯರು ಎಸೆದ ಚೆಂಡು ಹಿಡಿಯುವವನ ಹತ್ತಿರಕ್ಕೂ ಸುಳಿಯದೆ ಬಹುದೂರ ಪಕ್ಕಕ್ಕೆ ಹೋಯಿತು. ಮರುದಿನ ಅದರ ಕಾರ್ಡು ಬಂದಿತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ 51,512 ಪ್ರತಿಗಳು ಮಾರಾಟವಾಗಿ, ಆ ಮಾಲೆಯ ಅದುವರೆಗಿನ ದಾಖಲೆಯನ್ನು ಮುರಿಯಿತು. ದಶಕಗಳ ಸಾಧನೆಯಿಂದ ಗುರಿಯನ್ನು ಅಭ್ಯಾಸಮಾಡಿದ ಆಟಗಾರರನ್ನೆಲ್ಲ ಗುರಿತಪ್ಪಿದವರೊಬ್ಬರು ಮೀರಿಸಿದರು. ಕೊಂಡವರಲ್ಲಿ ಹಲವರಿಗೆ ಅದು ವಿರಳವೆಂಬ ಭ್ರಮೆಯಿರಲಾರದು. ಆ ವರ್ಷದ ದುಗುಡದಲ್ಲಿ ನಕ್ಕ ಒಂದು ನಗುವಿನ ನೆನಪಿಗೆ ಅವರು 9.99 ಡಾಲರು ಕೊಟ್ಟರು. ಒಪ್ಪತಕ್ಕದ್ದೇ. ಆದರೆ ಸ್ಮೃತಿಗಾಗಿ ಕೊಳ್ಳುವವನಿಗೆ ಪಕ್ಕದ ಮನೆಯವನೂ ಕೊಂಡನೋ ಇಲ್ಲವೋ ಎಂಬುದರಿಂದ ಆಗಬೇಕಾದ್ದೇನು? ಹಾಗಿದ್ದ ಮೇಲೆ ಬಾಗಿಲನ್ನು ಇಪ್ಪತ್ತನಾಲ್ಕು ಗಂಟೆಗೆ ಮುಚ್ಚಿದ್ದೇಕೆ? ಸ್ಮೃತಿವಾದಿಗೆ ಇದಕ್ಕೆ ಉತ್ತರವಿಲ್ಲದುದರಿಂದ ಅವನು ಗುಟ್ಟಾಗಿ ಅಭಾವವಾದಿಯೇ ಎಂದು ಸಿದ್ಧವಾಯಿತು.

ಕಲೆಗೆ ಬೆಲೆ ಬೇಡವೇ ಎನ್ನುವವನು ಎರಡನೆಯ ವಾದಿ. ಬೇಕು. ಕಲಾವಿದನಿಗೆ ಅದರಲ್ಲಿ ಎಷ್ಟು ಸಲ್ಲುತ್ತದೆಂಬುದು ತಿಳಿದ ದಿನ ಈ ವಾದವನ್ನು ಸಂತೋಷದಿಂದ ಮುಂದುವರಿಸೋಣ.

ಮೂರನೆಯ ವಾದಿಯೇ ಬಲಶಾಲಿ, ಮತ್ತು ಅವನು ಬರುವುದು ಬೇಸ್‌ಬಾಲಿನ ಕಡೆಯಿಂದಲ್ಲ. ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞನು ರೂಪಿಸಿ 1993ರಲ್ಲಿ ಬೆಳಕಿಗೆ ಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟದ ಕಾರ್ಡುಗಳನ್ನು ಜನ ನಿಜವಾಗಿಯೂ ಆಡುತ್ತಾರೆ, ಆದ್ದರಿಂದ ಮೇಲೆ ಹೇಳಿದ ಅತ್ಯಂತಾಭಾವ ಇವಕ್ಕೆ ಅನ್ವಯಿಸದು. ಇದರ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯವರು 2019ರ ಕೊನೆಯಲ್ಲಿ ‘ಸೀಕ್ರೆಟ್ ಲೇರ್’ ಎಂಬ ಹೆಸರಿನಿಂದ, ಹಳೆಯ ಕಾರ್ಡುಗಳಿಗೆ ಹೊಸ ಚಿತ್ರ ಬರೆಸಿ, ನಾಲ್ಕಾರರ ಕಟ್ಟುಗಳನ್ನು ಸಾಮಾನ್ಯವಾಗಿ 29.99 ಡಾಲರಿಗೆ, ಮಿರುಗುವುದಾದರೆ 39.99ಕ್ಕೆ, ನಿಯತಕಾಲದಲ್ಲಿ ಬೇಡಿದಷ್ಟು ಮುದ್ರಿಸಿ ಮಾರತೊಡಗಿದರು. ಆಟದ ಬಲದಲ್ಲಿ ಹೊಸ ಚಿತ್ರದ ಕಾರ್ಡಿಗೂ ಹಳೆಯದಕ್ಕೂ ಕೂದಲೆಳೆಯ ಭೇದವಿಲ್ಲ. ವಾದಿಯ ಮಾತಿದು: “ಸ್ವಾಮಿ, ಈ ಪದ್ಧತಿಯನ್ನು ಹೀಗಳೆಯುತ್ತೀರಿ, ಇದರಲ್ಲಿ ಬೇಡಿದ ಯಾವನೂ ಬರಿಗೈಯಲ್ಲಿ ಹೋಗುವುದಿಲ್ಲವಷ್ಟೆ? ಸರದಿಯ ಸಾಲಿಲ್ಲ, ಕಾಳಸಂತೆಯಿಲ್ಲ, ನೂಕುನುಗ್ಗಲಿಲ್ಲ. ತಿಂಗಳುಗಟ್ಟಲೆ ಕಾಯಬೇಕೆಂಬುದೊಂದೇ ತೊಡಕು.” ಈ ಮಾತಿನ ಸತ್ಯವನ್ನು ಎಲ್ಲರಿಗೂ ಮನದಟ್ಟು ಮಾಡಿಕೊಟ್ಟವರು ಆ ಪ್ರಕಾಶಕರೇ. 2024ರಲ್ಲಿ ಅವರು, ಕಾರ್ಡುಗಳು ಗಿರಾಕಿಗಳಿಗೆ ಬೇಗ ತಲಪಲೆಂಬ ಸದುದ್ದೇಶವನ್ನು ಮುಂದಿಟ್ಟು, ಬೇಡಿದಷ್ಟು ಮುದ್ರಿಸುವುದನ್ನು ಬಿಟ್ಟು ಮೊದಲೇ ಒಂದು ಸಂಖ್ಯೆಯಷ್ಟು ಮುದ್ರಿಸಿಡುವ ಕ್ರಮಕ್ಕೆ ತಿರುಗಿದರು. ಆ ವರ್ಷದ ನವೆಂಬರಿನಲ್ಲಿ ಮಾರ್ವೆಲ್ ವೀರರ ಚಿತ್ರಗಳ ಕಟ್ಟುಗಳು ಮಾರಾಟಕ್ಕೆ ಬಂದಾಗ ಗಂಟೆಗಳೊಳಗೆ ಖಾಲಿಯಾಗಿ, ಗಂಟೆಗಟ್ಟಲೆ ಸರದಿಯಲ್ಲಿ ಕಾದವರು ಸಹ ಕೈಚೆಲ್ಲಿ ಕುಳಿತರು. ನಿಜವಾದ ವಿರಳತೆ ಬೇಕೆಂದು ಬೊಬ್ಬಿಟ್ಟವರು ನಿಜವಾದ ವಿರಳತೆ ಬಂದೊಡನೆ ಹುಸಿಯಾದ ವಿರಳತೆಯೇ ಲೇಸಾಗಿತ್ತೆಂದು ಹಲುಬಿದರು. ಅಭಾವವನ್ನು ಎಲ್ಲರೂ ಬಯಸುತ್ತಾರೆ, ಅದು ಇನ್ನೊಬ್ಬನ ಮನೆಯಲ್ಲಿರಬೇಕು, ಅಷ್ಟೆ.

ಬೇಡಿಕೆಯ ಮೇರೆಗೆ ಕಾರ್ಡು ಮಾಡುವುದು ಹೊಸ ಸಂಗತಿಯೆಂದು ಯಾರೂ ಬೀಗಬಾರದೆಂಬ ಉದ್ದೇಶದಿಂದ ಇಲ್ಲಿ ಒಂದು ಪ್ರಾಸಂಗಿಕ ಮಾತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಂಬ ಎಲೆಯಾಟದಲ್ಲಿ ಆಸಕ್ತರಾಗಿ, ತಾವೇ ಹಲವು ಆಟಗಳನ್ನು ಕಲ್ಪಿಸಿ, ತಮ್ಮ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ಎಲೆಗಳ ಮೇಲೆ ಯಾವ ಯಾವ ದೇವತೆ ಹೇಗೆ ಹೇಗೆ ಇರತಕ್ಕದ್ದೆಂಬುದನ್ನು ನಿರೂಪಿಸಿಟ್ಟರು. ಆ ಎಲೆಗಳು ಅರಮನೆಯ ಅಪ್ಪಣೆಯಾದ ಮೇಲೆಯೇ ಆದವು. ಅರ್ಥಾತ್ ಅವುಗಳಿಗೂ ಪ್ರಾಗಭಾವವಿತ್ತು. ಆದರೆ ಹತ್ತು ಎಲೆ ಬೇಕಾದರೆ ಚಿತ್ರಗಾರನು ಹತ್ತು ಸಲ ಕುಂಚ ಅದ್ದಬೇಕು, ನೂರು ಬೇಕಾದರೆ ನೂರು ಸಲ. ಬೇಡಿಕೆ ಹೆಚ್ಚಿದರೆ ಅಲ್ಲಿ ಹೆಚ್ಚುವುದು ಕೈಯ ದುಡಿತ. ಇಲ್ಲಿ ಹೆಚ್ಚುವುದು ಯಂತ್ರದ ಎಣಿಕೆ. ಎರಡಕ್ಕೂ ಒಂದೇ ಬಗೆಯ ಬೆಲೆಯನ್ನು ಕೇಳುವುದು ನ್ಯಾಯವಲ್ಲ.

ಕಡೆಯದಾಗಿ ಉಳಿದದ್ದು ಶಬ್ದಪ್ರಮಾಣ, ಅರ್ಥಾತ್ ವರ್ತಕನ ಮಾತು. ಮಾತಿಗಿಂತ ಗಟ್ಟಿಯಾದ ಸಾಕ್ಷಿಯೂ ಹಿಂದೆ ಇತ್ತು. ಚಿತ್ರಕಾರ ರೆಂಬ್ರಾಂಟನು 1648ರ ಸುಮಾರಿಗೆ ತಾಮ್ರದ ಫಲಕದ ಮೇಲೆ ಕೊರೆದ ಒಂದು ಚಿತ್ರಕ್ಕೆ, ಅದು ಗಳಿಸಿದ ಬೆಲೆಯಿಂದಲೇ ‘ನೂರು ಗಿಲ್ಡರಿನ ಚಿತ್ರ’ವೆಂಬ ಹೆಸರು ನಿಂತುಹೋಯಿತು. ಸವೆದುಹೋಗಿದ್ದ ಆ ಫಲಕವು ಮುಂದಿನ ಶತಮಾನದಲ್ಲಿ ವಿಲಿಯಂ ಬೇಲಿ ಎಂಬ ಕ್ಯಾಪ್ಟನನ ಕೈಸೇರಿತು. ಆತ ಅದನ್ನು ತಿದ್ದಿ ತೀಡಿ, 1775ರ ವೇಳೆಗೆ ಹೊಸ ಪ್ರತಿಗಳನ್ನು ತೆಗೆದು, ತರುವಾಯ ಫಲಕವನ್ನೇ ನಾಲ್ಕು ತುಂಡು ಮಾಡಿಬಿಟ್ಟನು. ಇನ್ನು ಪೂರ್ತಿ ಚಿತ್ರ ಅಚ್ಚಾಗುವಂತಿಲ್ಲವೆಂಬುದಕ್ಕೆ ಕೊಂಡವರಿಗೆ ಆ ತುಂಡುಗಳೇ ಸಾಕ್ಷಿ. (ಆ ತುಂಡುಗಳಿಂದಲೂ ಅವನು ಬೇರೆ ಬೇರೆ ಪ್ರತಿಗಳನ್ನು ತೆಗೆದನೆಂಬುದು ವರ್ತಕಕುಲದ ಚಿರಂತನತೆಗೆ ಸಾಕ್ಷಿ.) ಈಗಿನ ಕಾರ್ಡಿನ ಮೂಲವು ಗಣಕಯಂತ್ರದಲ್ಲಿ ಅಡಗಿರುವ ಕಡತ, ಅದನ್ನು ನಾಲ್ಕು ತುಂಡು ಮಾಡಿ ತೋರಿಸಲಾಗದು. ಆದಕಾರಣ ‘ಇನ್ನು ಮುದ್ರಿಸೆವು’ ಎಂಬ ವಾಗ್ದಾನವೊಂದೇ ಗಿರಾಕಿಯ ಕೈಯಲ್ಲಿ ಉಳಿಯುವ ಫಲಕ.

ವಾಗ್ದಾನವು ಎಷ್ಟು ದಿನ ಬಾಳುತ್ತದೆಂಬುದಕ್ಕೆ ಮ್ಯಾಜಿಕ್ ಆಟದ ಚರಿತ್ರೆಯೇ ಭಾಷ್ಯ. 1995ರಲ್ಲಿ ಹಳೆಯ ಕಾರ್ಡುಗಳನ್ನು ಮರುಮುದ್ರಿಸಿದಾಗ ಸಂಗ್ರಾಹಕರು ಕೆರಳಿದ್ದರಿಂದ, 1996ರಲ್ಲಿ ಪ್ರಕಾಶಕರು ಇಂತಿಂತಹ ಕಾರ್ಡುಗಳನ್ನು ಮುಂದೆಂದೂ ಮುದ್ರಿಸೆವೆಂದು ಪಟ್ಟಿಮಾಡಿ ಮಾತುಕೊಟ್ಟರು. ಅದನ್ನು ಬಹುಮಟ್ಟಿಗೆ ನಡೆಸಿಕೊಂಡೂ ಬಂದರು. 2022ರ ನವೆಂಬರ್ 28ರಂದು, ಆಟದ ಮೂವತ್ತನೆಯ ವರ್ಷದ ಸಂಭ್ರಮಕ್ಕಾಗಿ, ಬ್ಲ್ಯಾಕ್ ಲೋಟಸ್ ಮೊದಲಾಗಿ ಆ ಪಟ್ಟಿಯಲ್ಲಿಯೇ ಇದ್ದ ಕಾರ್ಡುಗಳನ್ನು ಒಳಗೊಂಡ ನಾಲ್ಕು ಪೊಟ್ಟಣಗಳ ಕಟ್ಟನ್ನು 999 ಡಾಲರಿಗೆ ಮಾರಾಟಕ್ಕಿಟ್ಟರು. ಪೊಟ್ಟಣಕ್ಕೆ ಹದಿನೈದರಂತೆ ಅರವತ್ತು ಕಾರ್ಡುಗಳು. ತಲಾ 16 ಡಾಲರು 65 ಸೆಂಟು. ಯಾರಿಗೆ ಯಾವುದು ಬರುವುದೆಂಬುದು ದೈವಾಧೀನ. ವಾಗ್ದಾನ ಮುರಿಯಿತೇ? ಇಲ್ಲ, ಏಕೆಂದರೆ ಈ ಕಾರ್ಡುಗಳ ಹಿಂಬದಿ ಬೇರೆ, ಮತ್ತು ಪಂದ್ಯಗಳಲ್ಲಿ ಇವನ್ನು ಆಡುವಂತಿಲ್ಲ. ಮುಂಬದಿಯಿಂದ ನೋಡಿದರೆ ಕಾರ್ಡು, ಹಿಂಬದಿಯಿಂದ ನೋಡಿದರೆ ಕಾರ್ಡಲ್ಲ. ವಿಧಿಯನ್ನು ಮೀರದೆ ವಿಧಿಯ ಸುತ್ತ ಪ್ರದಕ್ಷಿಣೆ ಬರುವ ಇಂತಹ ವ್ಯಾಖ್ಯಾನಕೌಶಲಕ್ಕೆ ಮೀಮಾಂಸಾಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ತಲೆಬಾಗಿ ವಂದಿಸುತ್ತೇನೆ.

ಆದ್ದರಿಂದ ನಿರ್ಣಯವಿದು. ಬೇಡಿಕೆಯ ಮೇರೆಗೆ ಅಚ್ಚಾದ ಕಾರ್ಡಿನ ಬೆಲೆಯಲ್ಲಿ, ಅಂತಹುದೇ ಚಿತ್ರವೊಂದು ಎಷ್ಟಾದರೂ ಪ್ರತಿಗಳಲ್ಲಿ ಸದಾ ದೊರೆಯುತ್ತಿದ್ದರೆ ಕೊಳ್ಳುವವನು ಎಷ್ಟು ಕೊಡುತ್ತಿದ್ದನೋ ಅಷ್ಟು ಭಾಗ ಸಾಧು. ಅದಕ್ಕೆ ಮೇಲ್ಪಟ್ಟದ್ದು, ಕೊಳ್ಳದೆ ಉಳಿದವರ ಉದಾಸೀನಕ್ಕೆ ಕೊಡುವ ಕಪ್ಪ. ಒಟ್ಟು ಸಂಖ್ಯೆಯನ್ನು ಮಾರುವುದಕ್ಕೆ ಮೊದಲೇ ಸಾರಿ ಹೇಳಿದ ವರ್ತಕನಿಗೆ ಆ ಕಪ್ಪವನ್ನು ಕೊಡುವುದೋ ಬಿಡುವುದೋ ಗಿರಾಕಿಯ ಇಚ್ಛೆ. ಮಾರಿದ ಮೇಲೆ ಹೇಳುವವನಿಗೆ ಅದು ಸಲ್ಲತಕ್ಕದ್ದಲ್ಲ.

ನಿರ್ಣಯವನ್ನು ಸೋದರಳಿಯನಿಗೆ ಓದಿಹೇಳಿದೆ. ಕೇಳಿ, ಆ ಕಾರ್ಡನ್ನು ಮಾರಲೋ ಇಟ್ಟುಕೊಳ್ಳಲೋ ಎಂದ. ಈಗ ಮಾರಿದರೆ ಕೊಟ್ಟದ್ದರಲ್ಲಿ ಕಾಲುಭಾಗವೂ ಬರದೆಂದು ಅವನೇ ಹೇಳಿದ ಕಾರಣ, ಕೋಶಗಳನ್ನೆಲ್ಲ ಕಳಚಿ, ಚೌಕಟ್ಟು ಹಾಕಿಸಿ, ಊಟದ ಮನೆಯ ಗೋಡೆಗೆ ತೂಗುಹಾಕೆಂದು ವಿಧಿಸಿದೆ. ಬಿಸಿಲು ತಾಕಿ ಬಣ್ಣ ಹೋಗುತ್ತದೆಂದು ಅವನ ಆಕ್ಷೇಪ. ಬಿಸಿಲು ಬೀಳದ ಗೋಡೆಗೆ ಹಾಕೆಂದು ನನ್ನ ಸಮಾಧಾನ. ಆ ಗೋಡೆಯಲ್ಲಿ ಫ್ರಿಜ್ ಇದೆಯಂತೆ.